ಕಳ್ಳನೆರೆಯ ದಿನದ ಅಳತೆ

ಜೂನ್ 27, ಶುಕ್ರವಾರ

ಇವತ್ತಿನಿಂದ ನಾನು ಲೇಖಕ. ಸಾನ್ ಗಿಲ್ ಊರಿನ ಸಭೆ ಒಮ್ಮತದಿಂದ, ಅಂದರೆ ಉಳಿದ ಯಾರಿಗೂ ಪೆನ್ನು ಹಿಡಿಯುವ ಮನಸ್ಸಿಲ್ಲದ್ದರಿಂದ, ಈ ಪದವಿಯನ್ನು ನನಗೆ ದಯಪಾಲಿಸಿದೆ.

ವಿಷಯ ಗಂಭೀರವಾದದ್ದು. ರೋಗಿಗಳನ್ನು ರೆಕೆನಾ ಆಸ್ಪತ್ರೆಗೆ ಸಾಗಿಸುವ ನಮ್ಮ ದೋಣಿಯ ಮೋಟಾರು ಮೇ ತಿಂಗಳಲ್ಲಿ ಪ್ರಾಣ ಬಿಟ್ಟಿತು. ಪುರಸಭೆಯವರು ಹೊಸದನ್ನು ಕೊಡುತ್ತಾರಂತೆ. ಯಾವ ಬಗೆಯದು ಬೇಕೆಂದು ನಾವೇ ಪರೀಕ್ಷಿಸಿ ಜುಲೈ ಮುಗಿಯುವುದರೊಳಗೆ ವರದಿ ಕೊಡಬೇಕು. ಒಮ್ಮೆ ಆರಿಸಿದ ಮೇಲೆ ಹತ್ತು ವರ್ಷ ಅದರ ಜೊತೆಗೇ ಸಂಸಾರ. ನಮ್ಮ ಯರಿನಯಾಕು ತೊರೆಯೋ ಫೆಬ್ರವರಿಯಲ್ಲಿ ಮನೆಯ ಮೆಟ್ಟಿಲವರೆಗೆ ಬಂದು ಕೂರುತ್ತದೆ, ಆಗಸ್ಟ್ ಬಂದರೆ ನಾಯಿಯ ಹೊಟ್ಟೆ ನೆನೆಯುವಷ್ಟೂ ಉಳಿಯುವುದಿಲ್ಲ. ಎರಡಕ್ಕೂ ಒಗ್ಗುವ ಮೋಟಾರು ಬೇಕು.

ಇಪ್ಪತ್ತೊಂಬತ್ತು ವರ್ಷ ಈ ತೊರೆಯಲ್ಲಿ ದೋಣಿ ನಡೆಸಿದ ಹಿಲ್ಡೆಬ್ರಾಂಡೊ ತಮಾನಿಯೇ, ಅಂದರೆ ನಾನೇ, ಬರೆಯಲಿ ಎಂದರು. ವರದಿಗೆ ಮುಂಚೆ ಕೈ ಪಳಗಲಿ ಎಂದು ಮಗಳ ಹಳೆಯ ಶಾಲಾ ನೋಟ್‌ಬುಕ್ ತೆಗೆದುಕೊಂಡೆ. ಮೊದಲ ಆರು ಪುಟಗಳಲ್ಲಿ ಪೆರು ದೇಶದ ಪರ್ವತಗಳ ಹೆಸರುಗಳಿವೆ. ಒಂದನ್ನೂ ನಾನು ಕಂಡಿಲ್ಲ. ಅವೂ ನನ್ನನ್ನು ಕಂಡಿಲ್ಲ, ಲೆಕ್ಕ ಸರಿಹೋಯಿತು.

ಜುಲೈ 2

ಉಮೇದುವಾರರು ಮೂವರು.

ಒಂದನೆಯವನು ಔಟ್‌ಬೋರ್ಡ್. ಪಟ್ಟಣದ ಅಳಿಯ. ದೋಣಿಯ ಬೆನ್ನಿಗೆ ನೆಟ್ಟಗೆ ನಿಂತು ಫ್ಯಾನನ್ನು ನೀರೊಳಗೆ ಎರಡೂವರೆ ಗೇಣು ಇಳಿಬಿಡುತ್ತಾನೆ. ವೇಗದಲ್ಲಿ ಇವನನ್ನು ಮೀರಿಸುವವರಿಲ್ಲ. ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಾಕು.

ಎರಡನೆಯವನು ಜೆಟ್. ಫ್ಯಾನೇ ಇಲ್ಲ. ದೋಣಿಯ ಹೊಟ್ಟೆಯ ಕೆಳಗಿನ ನೀರನ್ನು ಹೀರಿ ಹಿಂದಕ್ಕೆ ಉಗಿಯುತ್ತಾನೆ. ಒಂದು ಗೇಣಲ್ಲೂ ಓಡುತ್ತಾನೆಂದು ಪುರಸಭೆಯವರು ಕೊಟ್ಟ ಬಣ್ಣದ ಕಾಗದ ಹೇಳುತ್ತದೆ. ಆ ಚಿತ್ರದಲ್ಲಿರುವ ನೀರಿನಲ್ಲಿ ಒಂದು ಎಲೆಯೂ ಇಲ್ಲ. ಅಂಥ ನದಿ ಯಾವ ದೇಶದಲ್ಲಿದೆಯೋ.

ಮೂರನೆಯವನು ಹಳೆಯ ಪರಿಚಯದ ಪೆಕೆ-ಪೆಕೆ. ಹೆಸರು ಅವನ ಸದ್ದಿನಿಂದಲೇ ಬಂದದ್ದು. ಎಂಜಿನ್ ಮೇಲೆ ಕೂತಿರುತ್ತದೆ, ಎರಡಾಳುದ್ದದ ಕಬ್ಬಿಣದ ಬಾಲ ನೀರಿನ ಮೇಲುಮೇಲೆ ಹಿಂದಕ್ಕೆ ಚಾಚಿರುತ್ತದೆ, ಅದರ ತುದಿಗೆ ಅಂಗೈಯಷ್ಟು ಫ್ಯಾನು. ದಿಮ್ಮಿಯೋ ಮರಳೋ ಎದುರಾದರೆ ಹಿಡಿಯನ್ನು ಕೆಳಗೊತ್ತಬೇಕು, ಬಾಲ ಮೇಲೇಳುತ್ತದೆ. ಇಳಿಗಾಲದಲ್ಲಿ, ಅಂದರೆ ನೀರು ತಗ್ಗುವ ತಿಂಗಳುಗಳಲ್ಲಿ, ಗಂಟೆಗೆ ನೂರು ಸಲ ಒತ್ತಬೇಕು. ನಿಧಾನಿ, ಗದ್ದಲಗಾರ, ನಾಗರಿಕತೆ ಇಲ್ಲದವನು. ನನ್ನ ಕೊಂಪಾದ್ರೆ ವೆಂಚೊನ ಹಾಗೆ.

ವೆಂಚೊ ನನ್ನ ಮಗಳನ್ನು ಜ್ಞಾನಸ್ನಾನದಲ್ಲಿ ಎತ್ತಿಕೊಂಡವನು, ಅದಕ್ಕೇ ನಾವು ಒಬ್ಬರಿಗೊಬ್ಬರು ಕೊಂಪಾದ್ರೆ. ಊರಿನ ಬಾಲದ ಮೋಟಾರುಗಳೆಲ್ಲ ಅವನ ಕೈಯಲ್ಲೇ ರಿಪೇರಿಯಾಗುವುದು. ಕಡವಿನಲ್ಲಿ ಸಿಕ್ಕಿದ.

"ಏನ್ ಕೊಂಪಾದ್ರೆ, ಪುಸ್ತಕ ಬರೀತಿದ್ದೀಯಂತೆ? ಅದರಲ್ಲಿ ನಾನಿದ್ದೀನಾ?"

"ಇದ್ದೀಯ. ಗದ್ದಲದ ವಿಭಾಗದಲ್ಲಿ."

"ನೋಡಪ್ಪಾ, ಔಟ್‌ಬೋರ್ಡು ಅಂತ ಏನಾದ್ರೂ ಬರೆದ್ಯೋ, ಆಗಸ್ಟಲ್ಲಿ ನೀನೂ ಅದೂ ಮರಳ ಮೇಲೆ ಗಂಡ-ಹೆಂಡ್ತಿ ಥರ ಕೂತಿರ್ತೀರ. ನಾನು ಪೆಕೆ-ಪೆಕೆ ಅಂತ ಪಕ್ಕದಲ್ಲೇ ಹೋಗ್ತಾ ಟೋಪಿ ತೆಗೆದು ನಮಸ್ಕಾರ ಹೊಡೀತೀನಿ."

ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ ಎಂದು ದಾಖಲಿಸುತ್ತೇನೆ.

ಜುಲೈ 5

ಆರೋಗ್ಯ ಕೇಂದ್ರದ ನರ್ಸಮ್ಮ ನೇಲಿಡಾ ಬಲಗೈ ಎತ್ತು ಎಂದಳು. ಎದೆಯ ಮಟ್ಟಕ್ಕೆ ಬಂದು ಕೈ ತಾನೇ ನಿಂತಿತು. ಒತ್ತು ಎಂದಳು. ಒತ್ತಿದೆ. ಅವಳ ಅಂಗೈ ಅಲುಗಲಿಲ್ಲ. ಫೆಬ್ರವರಿಯಲ್ಲಿ ಬಾಲ ದಿಮ್ಮಿಗೆ ಬಡಿದು ಹಿಡಿ ಕತ್ತೆಯಂತೆ ಒದ್ದಿತ್ತಲ್ಲ, ಆಗ ಭುಜದಲ್ಲಿ ಹರಿದದ್ದು ಇನ್ನು ಕೂಡುವುದಿಲ್ಲವಂತೆ.

"ಬಾಲದ ಮೋಟಾರು ಇನ್ನು ನಿಮ್ಮ ಕೈಲಿ ಆಗಲ್ಲ ದೋನ್ ಹಿಲ್ಡೆಬ್ರಾಂಡೊ. ಬೇರೆ ಯಾವುದಾದ್ರೂ ಬಂದ್ರೆ ನೋಡೋಣ."

ಯಾರಿಗೂ ಹೇಳಬೇಡ ಎಂದೆ. ಹೇಳುವುದಿಲ್ಲ ಎಂದಳು.

ಇದಕ್ಕೂ ವರದಿಗೂ ಯಾವ ಸಂಬಂಧವೂ ಇಲ್ಲ. ವರದಿ ಶುದ್ಧ ಯಂತ್ರವಿಚಾರ.

ಜುಲೈ 10

ಪುರಸಭೆಯವರು ಪರೀಕ್ಷೆಗೆಂದು ಜೆಟ್ ಮತ್ತು ಔಟ್‌ಬೋರ್ಡ್ ಎರಡನ್ನೂ ಕಳಿಸಿದ್ದಾರೆ. ಮೊದಲು ಜೆಟ್. ದೋಣಿಯ ಮೂತಿಯಲ್ಲಿ ಕೋಲು ಹಿಡಿದು ನಿಂತವಳು ನನ್ನ ನಾದಿನಿ ದಲೀಲಾ. ನನ್ನ ಹೆಂಡತಿ ತಿಯೊಲಿಂಡಳ ತಂಗಿ, ಮೂವತ್ತನಾಲ್ಕು ವರ್ಷ, ಆರು ವರ್ಷದಿಂದ ನನ್ನ ಮೂತಿಯಾಳು. ನೀರಿನ ಆಳ ನೋಡುವುದು, ದಿಮ್ಮಿ ಕಂಡರೆ ಕೈಸನ್ನೆ ಮಾಡುವುದು ಅವಳ ಕೆಲಸ, ನನ್ನನ್ನು ಹಂಗಿಸುವುದು ಹವ್ಯಾಸ.

ಜೆಟ್ ಹತ್ತು ನಿಮಿಷ ದೇವದೂತನಂತೆ ಹಾರಿತು. ಆಮೇಲೆ ತೇಲುಹುಲ್ಲನ್ನು ಹೀರಿ, ಗಂಟಲು ಕಟ್ಟಿ, ಕೆಮ್ಮಿ ನಿಂತಿತು. ದಲೀಲಾ ನೀರಿಗಿಳಿದು ಅದರ ಬಾಯಿಗೆ ಕೈ ಹಾಕಿ ಎಳೆದಳು. ಹುಲ್ಲು, ಎಲೆ, ಎರಡು ಸಿಗಡಿ, ಯಾರದೋ ಚೆಡ್ಡಿಯ ಲಾಡಿ.

"ಭಾವ, ಇದು ಮೋಟಾರಲ್ಲ, ಹಸು. ಇದಕ್ಕೊಬ್ಬ ದನ ಕಾಯೋನು ಬೇಕು."

ಮುಂದಿನ ಒಂದು ಗಂಟೆಯಲ್ಲಿ ಏಳು ಸಲ ಮೇಯಿತು. ಪರೀಕ್ಷೆಯ ಮೂರರಲ್ಲಿ ಒಂದು ಭಾಗ ಮುಗಿಯಿತು. ಜೆಟ್ ಸಾಹೇಬರಿಗೆ ವಿದಾಯ.

ಜುಲೈ 14, ಸೋಮವಾರ

ಬೆಳಿಗ್ಗೆ ಎದ್ದು ನೋಡಿದರೆ ಕಡವಿನ ಕೊನೆಯ ನಾಲ್ಕು ಮೆಟ್ಟಿಲು ಮುಳುಗಿವೆ. ಕಳ್ಳನೆರೆ. ಇಳಿಗಾಲದ ನಟ್ಟನಡುವೆ ಎಲ್ಲೋ ಮೇಲೆ ಮಳೆ ಬಿದ್ದು ಮೂರು ದಿನ ನೀರು ಬರುತ್ತದೆ, ಬಂದ ಹಾಗೇ ಹೋಗುತ್ತದೆ. ನಾವು ಇದನ್ನು ನಂಬುವುದಿಲ್ಲ. ಅಂಥ ದಿನಗಳಲ್ಲಿ ದೋಣಿಯವನು ಯಾರಿಗೇ ಆಳ ಹೇಳಿದರೂ ಕಳ್ಳನೀರನ್ನು ಕಳೆದೇ ಹೇಳುವುದು ಪದ್ಧತಿ. ನೀರು ಹೋದ ಮೇಲೆ ಎಷ್ಟು ಉಳಿಯುತ್ತದೋ ಅದೇ ಆಳ. ಕಳೆದೆಯಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ದೋಣಿಯವನಿಗೆ ಅವಮಾನ. ನನ್ನ ಅಪ್ಪನನ್ನೂ ಯಾರೂ ಕೇಳಿರಲಿಲ್ಲ.

ಔಟ್‌ಬೋರ್ಡ್ ಪರೀಕ್ಷೆ ಇವತ್ತೇ ಆಯಿತು. ನೀರು ಹೋಗುವವರೆಗೆ ಮುಂದೂಡಬಹುದಿತ್ತು, ಆದರೆ ಪೆಟ್ರೋಲು ತುಂಬಿಯಾಗಿತ್ತು. ಎಡಗೈಯ ಎರಡು ಬೆರಳಲ್ಲಿ ನಡೆಸಿದೆ. ಊರಿನಿಂದ ದೊಡ್ಡ ನದಿಯ ಸಂಗಮಕ್ಕೆ ನಲವತ್ತೆಂಟು ನಿಮಿಷ. ಜೀವಮಾನದಲ್ಲಿ ಹಾಗೆ ಹೋಗಿರಲಿಲ್ಲ. ಎರಡೂ ದಡದ ಬಕಗಳು ಎದ್ದು ನಿಂತು ನೋಡಿದವು.

ತೊರೆಯಲ್ಲಿ ಅತಿ ಕೆಟ್ಟ ಜಾಗ ಆಮೆ ತಿರುವು. ದಲೀಲಾ ಕೋಲು ಊರಿ ಕೂಗಿದಳು: "ನಾಲ್ಕು ಗೇಣು!"

ಬರೆದುಕೊಂಡೆ. ಆಮೆ ತಿರುವು, ನಾಲ್ಕು ಗೇಣು.

ಅವಳು ಹಿಂದಿರುಗಿ ನನ್ನ ನೋಟ್‌ಬುಕ್ಕನ್ನೇ ನೋಡುತ್ತ ನಿಂತಳು.

"ಭಾವ, ಇದು ಇವತ್ತಿನ ನೀರು."

"ಗೊತ್ತು. ತಾರೀಖು ಹಾಕ್ತೀನಲ್ಲ."

ಅವಳು ಮತ್ತೆ ಮುಂದಕ್ಕೆ ತಿರುಗಿದಳು. ವಾಪಸು ಬರುವಾಗ ಒಂದೇ ಒಂದು ಹಂಗಿಸುವ ಮಾತೂ ಇಲ್ಲ. ಬಿಸಿಲಿಗೆ ತಲೆನೋವಿದ್ದೀತು.

ಜುಲೈ 15

ವೆಂಚೊ ತನ್ನ ಪೆಕೆ-ಪೆಕೆಯನ್ನೇ ತಂದು ಪರೀಕ್ಷೆ ಕೊಟ್ಟ. ಸಂಗಮಕ್ಕೆ ಎರಡು ಗಂಟೆ ಹತ್ತು ನಿಮಿಷ. ದಾರಿಯಲ್ಲಿ ಹಾಡು ಬೇರೆ. ಎರಡರಲ್ಲಿ ಯಾವುದು ಹೆಚ್ಚು ಕರ್ಕಶ ಎಂಬ ವಿಷಯದಲ್ಲಿ ತೀರ್ಪನ್ನು ಕಾಯ್ದಿರಿಸಿದೆ.

ಜುಲೈ 18

ನೀರು ಹೋಯಿತು.

ಜುಲೈ 20, ಭಾನುವಾರ

ಸಭೆಯಲ್ಲಿ ವರದಿ ಓದಿದೆ. ಐದು ಪುಟ. "ಮಾನವ ಜೀವದ ಅಮೂಲ್ಯ ನಿಮಿಷಗಳು" ಎಂಬಲ್ಲಿ ತಿಯೊಲಿಂಡ ಕಣ್ಣೊರೆಸಿಕೊಂಡಳು. ನಲವತ್ತೆಂಟು ನಿಮಿಷ ಎಂದಾಗ ಚಪ್ಪಾಳೆ. ಆಮೆ ತಿರುವು ನಾಲ್ಕು ಗೇಣು ಎಂದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೆಂಚೊ ಎದ್ದುನಿಂತ.

"ನಾಲ್ಕಿದ್ಯಾ ಅಲ್ಲಿ? ಆ ಮರಳು ಕೊಚ್ಕೊಂಡು ಹೋಗಿರ್ಬೇಕು ಹಾಗಾದ್ರೆ," ಎಂದ. "ಕೊಂಪಾದ್ರೆ ಹೇಳಿದ ಮೇಲೆ ಮುಗೀತು. ನಾಲ್ಕಿದ್ರೆ ಔಟ್‌ಬೋರ್ಡೇ ವಾಸಿ, ಸೋತೆ ನಾನು. ಆದ್ರೆ ಮಸಾತೊ ಕುಡಿಸೋದು ಅವನೇ."

ಎಲ್ಲರೂ ನಕ್ಕರು. ಮರಗೆಣಸಿನ ಮಸಾತೊ ನಾನೇ ಕುಡಿಸಿದೆ. ಮುಂದಿನ ಭಾನುವಾರ ಎಲ್ಲರ ಸಹಿ, ಸೋಮವಾರ ವರದಿ ರೆಕೆನಾಕ್ಕೆ. ಇನ್ನು ಹತ್ತು ವರ್ಷ ದೋಣಿ ನನ್ನದೇ.

ದಲೀಲಾ ಸಭೆಗೆ ಬಂದಿರಲಿಲ್ಲ.

ಜುಲೈ 24, ಗುರುವಾರ. ರೆಕೆನಾ, ಆಸ್ಪತ್ರೆಯ ಅಂಗಳ

ನಿನ್ನೆಯದನ್ನು ಬರೆಯಬೇಕು. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ವೆಂಚೊ ತನ್ನ ಬಾಳೆತೋಟದಲ್ಲಿ ಹೆರ್ಗೊನ್ ಹಾವಿನ ಮೇಲೆ ಕಾಲಿಟ್ಟ. ಎಡಗಾಲಿನ ಹರಡಿನ ಮೇಲೆ ಕಚ್ಚಿತು. ಹೊತ್ತು ತರುವಷ್ಟರಲ್ಲಿ ಮೊಣಕಾಲಿನವರೆಗೆ ಊದಿತ್ತು. ನರ್ಸಮ್ಮ ತನ್ನಲ್ಲಿದ್ದ ಮದ್ದು ಚುಚ್ಚಿದಳು. ಇನ್ನೂ ಬೇಕು, ಅದು ರೆಕೆನಾದಲ್ಲಿದೆ, ಬೇಗ ಎಂದಳು.

ಕಡವಿನಲ್ಲಿ ಎರಡು ದೋಣಿ ಇದ್ದವು. ಔಟ್‌ಬೋರ್ಡಿನದು, ಮತ್ತು ವೆಂಚೊನದೇ ಪೆಕೆ-ಪೆಕೆ. ದಲೀಲಾ ಪೆಕೆ-ಪೆಕೆಯ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದಳು.

"ಭಾವ," ಎಂದಳು. ಅಷ್ಟೇ.

ವೆಂಚೊ ಹಲಗೆಯ ಮೇಲೆ ಮಲಗಿದ್ದವನು ಹೇಳಿದ: "ನನ್ನ ಕತ್ತೆ ಬೇಡ ಮಾರಾಯ್ತಿ, ಎರಡು ಗಂಟೆ ಯಾರು ಸಾಯ್ತಾರೆ. ಇವನ ಕುದುರೇಲಿ ಹೋಗೋಣ. ನಾಲ್ಕು ಗೇಣಿದ್ಯಲ್ಲ."

ಆಗ ಹೇಳಬಹುದಿತ್ತು. ಒಂದು ಮಾತು. ಮೋಟಾರನ್ನು ಅರ್ಧ ಎತ್ತಿ ಜಾರಿಸಿಬಿಡಬಹುದು, ನಲವತ್ತೆಂಟು ನಿಮಿಷ, ನಲವತ್ತೆಂಟು ನಿಮಿಷ ಎಂದು ತಲೆಯಲ್ಲಿ ಓಡುತ್ತಿತ್ತು. "ಹತ್ತಿ," ಎಂದೆ.

ಆಮೆ ತಿರುವಿಗೆ ಅರ್ಧ ಗಂಟೆಯಲ್ಲಿ ಬಂದೆವು. ಎರಡು ಗೇಣೂ ಇರಲಿಲ್ಲ. ಮೋಟಾರನ್ನು ಅರ್ಧ ಎತ್ತಿದೆ. ಅದು ತಂಪಾಗಲು ನೀರು ಹೀರಬೇಕು, ಮರಳು ಹೀರಿತು. ಕಿರುಚಿತು, ಬಿಸಿಯಾಗಿ ನಿಂತಿತು. ಮತ್ತೆ ಏಳಲಿಲ್ಲ.

ದಲೀಲಾ, ನರ್ಸಮ್ಮ, ನಾನು ನೀರಿಗಿಳಿದು ಎಳೆದೆವು. ಅಗಲ ತಳದ ಭಾರದ ದೋಣಿ. ನಾನು ಒಂದೇ ಕೈಯಲ್ಲಿ ಎಳೆಯುತ್ತಿದ್ದೆ. ವೆಂಚೊ ಒಳಗಿನಿಂದ ನೋಡುತ್ತಿದ್ದ.

"ಏನ್ ಕೊಂಪಾದ್ರೆ, ಗಂಡ-ಹೆಂಡ್ತಿ ಕೂತ್ರಾ ಮರಳ ಮೇಲೆ? ಟೋಪಿ ತೆಗೆಯೋಣ ಅಂದ್ರೆ ತಂದಿಲ್ವಲ್ಲ."

ಸ್ವಲ್ಪ ಹೊತ್ತಾದ ಮೇಲೆ: "ಮೂರು ದಿನದಲ್ಲಿ ಹೀಗೆ ಮರಳು ಬಂದು ಕೂತ್ಕೊಳ್ತಲ್ಲ. ಈ ತೊರೆಗೆ ನಿಯತ್ತಿಲ್ಲ ಬಿಡು."

ತೊರೆಗೆ ಎಂದ. ನಾನು ಎಳೆದೆ.

ಆಮೇಲೆ ಹಲ್ಲು ಕಟಕಟ ಎನ್ನತೊಡಗಿತು, ಮಾತು ನಿಂತಿತು. ಒಸಡಿನಿಂದ ರಕ್ತ ಬರುತ್ತಿತ್ತು. ಮೂರು ಗಂಟೆ. ಮೂರು ಗಂಟೆಯಲ್ಲಿ ನಾವು ದೋಣಿಯನ್ನು ಇನ್ನೂರು ಹೆಜ್ಜೆ ಎಳೆದಿರಬಹುದು. ಹಿಂದಿನಿಂದ ಬಾಳೆಗೊನೆ ಹೇರಿಕೊಂಡ ಒಂದು ಸಂಸಾರ ಪೆಕೆ-ಪೆಕೆಯಲ್ಲಿ ಬಂತು. ಗೊನೆಗಳನ್ನೆಲ್ಲ ಮರಳ ಮೇಲೆ ಸುರಿದು ವೆಂಚೊನನ್ನು ಮಲಗಿಸಿಕೊಂಡರು, ನರ್ಸಮ್ಮನೂ ನಾನೂ ಹತ್ತಿದೆವು. ಅವರ ಮೋಟಾರು ಬಾಲ ಎತ್ತಿಕೊಂಡು ತಿರುವನ್ನು ದಾಟಿಹೋಯಿತು. ನಾನು ಎದ್ದು ನಿಲ್ಲುವಷ್ಟು ಹೊತ್ತೂ ಹಿಡಿಯಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಮೂರೂವರೆ.

ಜುಲೈ 25

ಕಾಲು ತೆಗೆದರು. ಮೊಣಕಾಲಿನ ಕೆಳಗೆ. ಜೀವ ಉಳಿಯಿತು.

ಜುಲೈ 26, ಶನಿವಾರ

ಮಧ್ಯಾಹ್ನ ಎಚ್ಚರವಾಗಿದ್ದ. ತಿಯೊಲಿಂಡ ಕೊಟ್ಟುಕಳಿಸಿದ ಕೋಳಿ-ಕಡಲೆಕಾಯಿ ಸಾರು ಎರಡು ಚಮಚ ಕುಡಿದ. ನನ್ನ ಮುಖ ನೋಡಿ, "ಯಾಕಯ್ಯಾ ಹೆಣ ಕಾಯೋನ ಥರ ಕೂತಿದ್ದೀಯ, ಹೋಗಿದ್ದು ಅರ್ಧ ಕಾಲು. ಇನ್ನು ಒಂದೇ ಬೂಟು ಸಾಕು ನೋಡು," ಎಂದ.

ಹೇಳಿದೆ. ಹದಿನಾಲ್ಕರ ಅಳತೆ ಕಳ್ಳನೆರೆಯದು. ನಾನು ಕಳೆದಿರಲಿಲ್ಲ. ಗೊತ್ತಿದ್ದೇ ಕಳೆಯಲಿಲ್ಲ. ಭುಜದ ವಿಷಯವನ್ನೂ ಹೇಳಿದೆ.

ಏನಾದರೂ ಒಂದು ಮಾತು ಬರುತ್ತದೆ ಎಂದು ಕಾದೆ. ಬೈಗುಳವಾದರೂ ಸರಿ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ನರ್ಸು ಬಂದು ಸಮಯ ಮುಗಿಯಿತು ಎನ್ನುವವರೆಗೂ ಹಾಗೇ ಇದ್ದ. ಸಾರು ಉಳಿಯಿತು.

ಜುಲೈ 27, ಭಾನುವಾರ

ಮುಂಜಾನೆ ಹೊರಟು ಸಭೆಯ ಹೊತ್ತಿಗೆ ಊರು ಮುಟ್ಟಿದೆ. ಸಹಿಗೆಂದು ವರದಿಯನ್ನು ಮೇಜಿನ ಮೇಲಿಟ್ಟಿದ್ದರು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು.

ಎದ್ದು ನಿಂತು ಹೇಳಿದೆ. ನಿನ್ನೆ ಹೇಳಿದ್ದನ್ನೇ. ಎರಡನೇ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದೆ.

ಯಾರೂ ಕೂಗಲಿಲ್ಲ. ಮುದುಕಿ ರೊಮಾಲ್ಡಾ ಮಾತ್ರ ಕೇಳಿದಳು: "ನಾವೆಲ್ಲ ಕಳ್ಳನೆರೆ ನೋಡಿದ್ವಲ್ಲಪ್ಪ. ನೀನು ಕಳೆದಿರ್ತೀಯ ಅಂದ್ಕೊಂಡ್ವಿ. ಇನ್ಮೇಲೆ ಪ್ರತಿ ಸಲ ಕೇಳ್ಬೇಕಾ?"

ವರದಿ ಹರಿದು ಅಲ್ಲೇ ಅರ್ಧ ಪುಟದಲ್ಲಿ ಹೊಸದು ಬರೆದೆ. ಪೆಕೆ-ಪೆಕೆ, ಉದ್ದ ಬಾಲದ್ದು. ಆಮೆ ತಿರುವಿನಲ್ಲಿ ಜುಲೈ 23ರಂದು ಒಂದು ಗೇಣು ಮೂರು ಬೆರಳು, ಕಣ್ಣಾರೆ ನೋಡಿದ್ದು. ನಡೆಸುವವರು ದಲೀಲಾ ಪಕಾಯ. ಓದಿ ಹೇಳಿದಾಗ ಚಪ್ಪಾಳೆ ಇರಲಿಲ್ಲ. ಎಲ್ಲರೂ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತುವವರು ಒತ್ತಿದರು.

ಆಗಸ್ಟ್ 6

ಆಮೆ ತಿರುವು ಒಂದು ಗೇಣು ಒಂದು ಬೆರಳು. ಅದರ ಕೆಳಗೆ ಎಡದಂಡೆಯಲ್ಲಿ ಹೊಸ ದಿಮ್ಮಿ.

ಆಗಸ್ಟ್ 13

ಕೋಲು ಹಿಡಿದು ತೊರೆಯುದ್ದಕ್ಕೂ ನಡೆದೆ. ನಡೆಯುವಷ್ಟೇ ನೀರಿರುವುದು. ಮೂರು ಕಡೆ ಕಾಲುವೆ ಜಾಗ ಬದಲಾಯಿಸಿದೆ. ಇಷ್ಟು ವರ್ಷ ಹಿಂದೆ ಕೂತು ಇದನ್ನೆಲ್ಲ ನಾನೇ ಬಲ್ಲೆ ಎಂದುಕೊಂಡಿದ್ದೆ. ಮುಂದೆ ನಿಂತು ನೋಡುತ್ತಿದ್ದವಳು ದಲೀಲಾ.

ಹೇಳಿದರೆ, "ಈಗ ಗೊತ್ತಾಯ್ತಾ ಭಾವ?" ಎಂದಳು. ಹಂಗಿಸಿದಳೋ ಇಲ್ಲವೋ ತಿಳಿಯಲಿಲ್ಲ.

ಆಗಸ್ಟ್ 29

ಮೋಟಾರು ಬಂತು. ಪುರಸಭೆ ಹೇಳಿದ ದಿನವೇ ಬಂದದ್ದರಿಂದ ಯಾರೂ ನಂಬಲಿಲ್ಲ, ಇಳಿಸಿಕೊಳ್ಳಲು ಕಡವಿನಲ್ಲಿ ಜನವೇ ಇರಲಿಲ್ಲ. ದಲೀಲಾ ಹಿಡಿ ಹಿಡಿದಳು. ಮೊದಲ ದಿನವೇ ಬಾಲವನ್ನು ಎರಡು ದಿಮ್ಮಿಗೆ ತಾಗಿಸಿದಳು. ಒದೆತ ಬರುವಾಗ ಮೊಣಕೈ ಸಡಿಲ ಬಿಡು, ಎದೆ ಅಡ್ಡ ಕೊಡಬೇಡ ಎಂದೆ. ಸಂಜೆಯ ಹೊತ್ತಿಗೆ ತಾಗಿಸುತ್ತಿರಲಿಲ್ಲ.

ಮೂತಿಯಲ್ಲಿ ಕೋಲು ಹಿಡಿಯಲು ಯಾರೂ ಇರಲಿಲ್ಲ. ನಾನು ನಿಂತೆ. ಎಡಗೈ ಸಾಕು ಅದಕ್ಕೆ.

ಸೆಪ್ಟೆಂಬರ್ 6, ಶನಿವಾರ

ವೆಂಚೊನನ್ನು ಮನೆಗೆ ಕರೆತಂದೆವು.

ಆರು ವಾರದಲ್ಲಿ ನಾಲ್ಕು ಸಲ ಆಸ್ಪತ್ರೆಗೆ ಹೋಗಿದ್ದೆ. ನಾಲ್ಕು ಸಲವೂ ನಿದ್ದೆ ಮಾಡುತ್ತಿರುವಂತೆ ಮಲಗಿದ್ದ. ಇವತ್ತು ದೋಣಿಯ ನಡುವೆ ಅವನನ್ನು ಕೂರಿಸಿದೆವು, ಮುಖ ಮುಂದಕ್ಕೆ. ಊರುಗೋಲುಗಳನ್ನು ತೊಡೆಯ ಮೇಲಿಟ್ಟುಕೊಂಡ. ಹಿಂದೆ ದಲೀಲಾ, ಮುಂದೆ ನಾನು. ಸಂಗಮದಿಂದ ತೊರೆಗೆ ತಿರುಗಿ ಒಂದು ಗಂಟೆ ಮೋಟಾರಿನ ಸದ್ದು ಮಾತ್ರ. ನನ್ನ ಬೆನ್ನಿನ ಮೇಲೆ ಅವನ ಕಣ್ಣಿದೆ ಎಂದು ತಿಳಿಯುತ್ತಿತ್ತು. ತಿರುಗಿ ನೋಡಲಿಲ್ಲ. ಮೂತಿಯವನು ತಿರುಗಬಾರದು.

ಆಮೆ ತಿರುವಿನಲ್ಲಿ ಕೈಯೆತ್ತಿದೆ. ದಲೀಲಾ ಎಂಜಿನ್ ತಗ್ಗಿಸಿ ಬಾಲ ಎತ್ತಿದಳು. ಈ ಭಾರದ ದೋಣಿಯಲ್ಲಿ ಮೂವರಿದ್ದರೆ ಇಲ್ಲಿ ಎರಡು ಗೇಣು ತುಂಬಿರಬೇಕು, ಇಲ್ಲದಿದ್ದರೆ ಒಬ್ಬರು ಇಳಿಯಬೇಕು. ಕೋಲು ಊರಿದೆ.

ಹಿಂದಿನಿಂದ ಅವನ ದನಿ ಬಂತು. ಒಡೆದುಹೋಗಿತ್ತು, ಆದರೆ ಅವನದೇ.

"ಎಷ್ಟಿದೆ?"

"ಎರಡು ಗೇಣು," ಎಂದೆ.

ಮೋಟಾರು ಪೆಕೆ ಪೆಕೆ ಎನ್ನುತ್ತಿತ್ತು.

"ಕಳೆದಿದ್ದೀಯಾ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಈಗ ಕಳೆಯುವಂಥದ್ದೇನೂ ಇರಲಿಲ್ಲ, ಕಳ್ಳನೆರೆ ಹೋಗಿ ಏಳು ವಾರವಾಗಿತ್ತು, ಇದು ಋತುವಿನ ಏರುನೀರು. ಆದರೂ ಕೋಲನ್ನು ಮೇಲೆತ್ತಿ ಒದ್ದೆಯ ಗೆರೆ ನೋಡಿದೆ. ಮತ್ತೆ ಊರಿದೆ, ಮರಳು ತಾಗುವವರೆಗೆ, ನಿಧಾನವಾಗಿ.

"ಎರಡಕ್ಕೆ ಎರಡು ಬೆರಳು ಕಮ್ಮಿ," ಎಂದೆ, ಮತ್ತು ನೀರಿಗಿಳಿದೆ.